ಮಠದ ಒಲೆ ಆರಿದ ದಿನ

ಮಠವೆಂದರೆ ಮಹಾದ್ವಾರ, ಆನೆ, ಅಂಬಾರಿ ಎಂದು ತಿಳಿದವರು ಕಲ್ಲಭಾವಿಗೆ ಬಂದರೆ ಪೂಜ್ಯ ಬೂದಯ್ಯಜ್ಜನವರ ಮಠವನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು. ಹುಣಸೆಮರದ ಕೆಳಗೆ ಎರಡು ಅಂಕಣದ ಮಣ್ಣಿನ ಮನೆ. ಒಳಗೆ ಒಂದು ಗದ್ದುಗೆ, ಒಂದು ಒಲೆ. ಗದ್ದುಗೆಯ ಮೇಲೆ ಅಜ್ಜನವರು ಕೂತದ್ದನ್ನು ಕಂಡವರು ಕಡಿಮೆ. ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತದ್ದನ್ನು ಕಾಣದವರಿಲ್ಲ. ಹಾದಿಹೋಕರಿಗೆ ನುಚ್ಚು, ಸಾರು ಬೇಯಿಸುವ ಆ ಒಲೆಯನ್ನು ಅವರ ಗುರುಗಳ ಗುರುಗಳು ಹೊತ್ತಿಸಿದ್ದಂತೆ. ಅಂದಿನಿಂದ ಅದು ಒಮ್ಮೆಯೂ ಆರಿರಲಿಲ್ಲ.

ಕಾಮನ ಹುಣ್ಣಿಮೆಗೆ ಆ ಊರಿನಲ್ಲಿ ಒಂದು ಪದ್ಧತಿ. ಮಧ್ಯಾಹ್ನದ ಊಟವಾದ ಮೇಲೆ ಮನೆಮನೆಯ ಒಲೆಗೆ ನೀರು ಹಾಕಿ, ಬೂದಿ ತೆಗೆದು, ಸಾರಿಸಿಬಿಡುವರು. ಸಂಜೆ ಮಠದ ಒಲೆಯಿಂದ ಕೆಂಡ ತಂದು ಕಾಮನಿಗೆ ಹಚ್ಚುವುದು; ಕಾಮ ಉರಿದ ಮೇಲೆ ಅದೇ ಬೆಂಕಿಯನ್ನು ಸಗಣಿಯ ಕುಳ್ಳಿನ ಮೇಲಿಟ್ಟುಕೊಂಡು ಹೋಗಿ ಮನೆಯ ಒಲೆ ಹೂಡುವುದು. ಕಡ್ಡಿ ಗೀರಿ ಕಾಮನನ್ನು ಸುಡುವ ಮಾತೆತ್ತಿದರೆ ಹಿರಿಯರು ಹೊಡೆಯಲು ಬರುತ್ತಿದ್ದರು. ಮೊದಲ ಕೆಂಡ ಇಡುವ ಮಾನ ಗಾಣಿಗೇರ ಮನೆತನದ್ದು. ಆಗ ಆ ಮನೆಯ ಯಜಮಾನ ಮುರಿಗೆಪ್ಪ. ಗಾಣದ ಎಣ್ಣೆಯಂತೆ ಮಾತೂ ಸಲೀಸು, ಪಂಚರಲ್ಲಿ ಅವನ ಮಾತಿಗೆ ಎದುರಿಲ್ಲ.

ಹಿಂದಿನ ವರ್ಷ ಅಣೆಕಟ್ಟಿನ ನೀರು ಏರಿ ತೆಲುಗು ಸೀಮೆಯ ಹಳ್ಳಿಯೊಂದು ಮುಳುಗಿತ್ತು. ಅಲ್ಲಿಯ ಜನ ಗಾಡಿ, ಮಡಕೆ, ಆಡು ಕಟ್ಟಿಕೊಂಡು ಅಲೆಯುತ್ತ ಬಂದು ಕಲ್ಲಭಾವಿಯ ಹಳ್ಳದ ದಂಡೆಯಲ್ಲಿ ಆಪು ಹುಲ್ಲಿನ ಗುಡಿಸಲು ಹಾಕಿಕೊಂಡರು. ಸುಗ್ಗಿಯಲ್ಲಿ ಹತ್ತಿ ಬಿಡಿಸಿದರು, ಜೋಳ ಕೊಯ್ದರು. ಇಂಥ ದುಡಿಯುವ ಮಂದಿ ಸಿಗುವುದಿಲ್ಲ ಎಂದು ಊರೇ ಹೊಗಳಿತು. ಶಿವರಾತ್ರಿಯ ಹೊತ್ತಿಗೆ ವಾಂತಿಭೇದಿ ಬಂತು ನೋಡಿ, ಹೊಗಳಿದ ಬಾಯಿಗಳೇ ಅವರನ್ನು ಮಾರಿ ಹೊತ್ತು ತಂದವರು ಎಂದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಊರುಗಳಿಗೆ ಹೊಸದಲ್ಲ.

ಆ ಬೇನೆಯಲ್ಲಿ ಮುರಿಗೆಪ್ಪನ ಮಗಳು ಗಿರಿಜವ್ವ ಹೋದಳು. ಹರಕೆ ಹೊತ್ತು ಹೊತ್ತು ಸಾಕಾದ ಮೇಲೆ ಹುಟ್ಟಿದ ಒಂದೇ ಕೂಸು, ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ಅವನು ಅದನ್ನು ಎತ್ತಿಕೊಂಡು ಮಠಕ್ಕೆ ಓಡಿದ್ದ. ಅಜ್ಜನವರು ವಿಭೂತಿ ಹಚ್ಚಿದರು, ಕಾಯಿಸಿ ಆರಿಸಿದ ನೀರನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟರು. ಕೂಸು ಅವರ ತೊಡೆಯ ಮೇಲೆಯೇ ಕಣ್ಣು ಮುಚ್ಚಿತು. ಅಂದಿನಿಂದ ಮುರಿಗೆಪ್ಪ ಮಠದ ಮುಂದೆ ಹಾದು ಹೋಗುವಾಗ ಕೈ ಮುಗಿಯುವುದನ್ನು ಬಿಟ್ಟ. ಮನೆಯಲ್ಲಿ ಹೆಂಡತಿ ನೀಲವ್ವ ಮಾತು ಬಿಟ್ಟಳು. ಜಂತಿಗೆ ಕಟ್ಟಿದ ತೊಟ್ಟಿಲನ್ನು ಬಿಚ್ಚಲು ಯಾರಿಗೂ ಅವಳು ಬಿಡಲಿಲ್ಲ. ಗಾಳಿಗೆ ಅದು ತೂಗಿದಾಗ ಮುರಿಗೆಪ್ಪ ಊಟ ಬಿಟ್ಟು ಎದ್ದು ಹೋಗುತ್ತಿದ್ದ.

ದುಃಖಕ್ಕೆ ಯಾರನ್ನಾದರೂ ಬೈಯಬೇಕು. ದೇವರನ್ನು ಬೈದು ಸಾಕಾಗಿತ್ತು. ಮುರಿಗೆಪ್ಪ ಪಂಚರನ್ನು ಸೇರಿಸಿ, ಹಳ್ಳದ ದಂಡೆಯವರಿಗೆ ಬೆಂಕಿ-ನೀರು ಬಂದ್ ಎಂದು ಸಾರಿಸಿದ. ಊರ ಭಾವಿಯ ನೀರಿಲ್ಲ, ಯಾರ ಒಲೆಯ ಕೆಂಡವೂ ಇಲ್ಲ, ಅಂಗಡಿಯಲ್ಲಿ ಉಪ್ಪು, ಕಡ್ಡಿಪೆಟ್ಟಿಗೆಯೂ ಇಲ್ಲ. ಅಜ್ಜನವರು ಮಾತ್ರ ಏನೂ ಕೇಳಿಸದವರಂತೆ ಪ್ರತಿದಿನ ಮುಂಜಾನೆ ಮಠದ ಭಾವಿಯಿಂದ ಎರಡು ಕೊಡ ನೀರು ಹೊತ್ತು ಹಳ್ಳದ ಕಡೆ ನಡೆಯುತ್ತಿದ್ದರು. ಅವರ ಹಿಂದೆ ಕುಂಬಾರ ಓಣಿಯ ಇಬ್ಬರು ಹೆಂಗಸರು ಸೆರಗು ಮುಚ್ಚಿ ಕೊಡ ಒಯ್ಯುತ್ತಾರೆಂಬ ಸುದ್ದಿ ಮುರಿಗೆಪ್ಪನ ಕಿವಿಗೆ ಬಿತ್ತು. ಹೀಗಾದರೆ ಹಳ್ಳದ ದಂಡೆಯವರು ಜಾಗ ಬಿಡುವುದಿಲ್ಲ ಎಂದು ಅವನಿಗೆ ಅನಿಸಿತು.

ಕಾಮನ ಹುಣ್ಣಿಮೆಗೆ ನಿರ್ಧಾರವಾಯಿತು. ಕಾಮ ಹತ್ತಿದ ಕೂಡಲೇ ಆ ಬೆಂಕಿಯಿಂದಲೇ ಪಂಜು ಹೊತ್ತಿಸಿಕೊಂಡು ಹೋಗಿ ಗುಡಿಸಲುಗಳಿಗೆ ಇಡುವುದು. ಮಂದಿ ಓಡಿ ಹೋಗುತ್ತಾರೆ, ಆಪಷ್ಟೇ ಸುಡುತ್ತದೆ ಎಂದು ಹುಡುಗರಿಗೆ ಮುರಿಗೆಪ್ಪ ಸಮಾಧಾನ ಹೇಳಿದ. ಫಾಲ್ಗುಣದ ಗಾಳಿಯಲ್ಲಿ ಒಣಗಿದ ಆಪು ಯಾರಿಗೂ ಓಡಲು ಪುರುಸೊತ್ತು ಕೊಡುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಊರಿನಲ್ಲಿ ಅರ್ಧ ಜನಕ್ಕೆ ಇದು ಬೇಡವಾಗಿತ್ತು, ಬೇಡ ಎನ್ನುವ ಬಾಯಿ ಮಾತ್ರ ಒಂದೂ ಇರಲಿಲ್ಲ. ಪಂಜಿಗೆ ಸುತ್ತಿದ ಅರಿವೆಗಳನ್ನು ಅವನು ತನ್ನ ಗಾಣದ ಎಣ್ಣೆಯಲ್ಲೇ ತೋಯಿಸಿದ.

ಹುಣ್ಣಿಮೆಯ ಬೆಳಿಗ್ಗೆ ಅವನು ಮಠಕ್ಕೆ ಹೋದ. ಎಷ್ಟೋ ದಿನಗಳ ನಂತರ ಆ ಹೊಸ್ತಿಲು ತುಳಿದಿದ್ದ, ಒಳಗೆ ಬರದೆ ಅಲ್ಲೇ ನಿಂತ. ಅಜ್ಜನವರು ಒಲೆ ಊದುತ್ತಿದ್ದರು.

"ಅಜ್ಜಾರ, ಸಂಜೀಕ ಕೆಂಡಕ್ಕ ಬರ್ತೇವಿ. ಪದ್ಧತಿ ಪ್ರಕಾರ ಕೊಟ್ಟುಬಿಡ್ರಿ. ಆಮ್ಯಾಗ ಊರವ್ರು ಏನ ಮಾಡಿದ್ರೂ ನೀವು ನಡುವ ಬರಬ್ಯಾಡ್ರಿ."

ಪೂಜ್ಯರು ಹೊಗೆಗೆ ನೀರಾಡಿದ ಕಣ್ಣು ಒರೆಸಿಕೊಂಡು ಅವನನ್ನು ನೋಡಿದರು. "ಬೆಂಕಿ ಸಿಗತೈತಿ, ಬಾ" ಎಂದಷ್ಟೇ ಹೇಳಿದರು. ಅಜ್ಜನವರು ಬಗ್ಗಿದರೆಂದು ಮುರಿಗೆಪ್ಪ ಲೆಕ್ಕ ಹಾಕಿದ.

ಮಧ್ಯಾಹ್ನ ಊರಿನ ಒಲೆಗಳೆಲ್ಲ ಆರಿದವು. ಹೊತ್ತು ಇಳಿಯುವಾಗ ಹಲಗೆ ಬಾರಿಸುತ್ತ ಜನ ಮಠದ ಮುಂದೆ ನೆರೆದರು. ಹುಡುಗರ ಕಂಕುಳಲ್ಲಿ ಪಂಜುಗಳಿದ್ದವು. ಮುರಿಗೆಪ್ಪ ಒಂದು ಪಂಜನ್ನು ಬಗಲಿಗಿಟ್ಟುಕೊಂಡು, ಕೆಂಡದ ಬುಟ್ಟಿಗೆ ಬೂದಿ ಹಾಸಿ ಹಿಡಿದುಕೊಂಡು ಒಳಗೆ ಕಾಲಿಟ್ಟ. ಅಜ್ಜನವರು ಒಲೆಯ ಮುಂದೆ ನಿಂತಿದ್ದರು. ಕೈಯಲ್ಲಿ ತುಂಬಿದ ಕೊಡ. ಅವನು ನೋಡುತ್ತಿದ್ದಂತೆಯೇ ಅವರು ಕೊಡವನ್ನು ಒಲೆಯ ಮೇಲೆ ಸುರಿದುಬಿಟ್ಟರು.

ಚುಂಯ್ ಎಂದು ಎದ್ದ ಹೊಗೆ ಬಾಗಿಲ ತನಕ ಬಂತು. ಹಲಗೆ ನಿಂತಿತು. ಮೂರು ತಲೆಮಾರಿನ ಬೆಂಕಿ ಕರ್ರಗೆ ಕೆಸರಾಗಿ ಹರಿಯಿತು. ಹೊರಗಿದ್ದ ಮುದುಕರೊಬ್ಬರು ನೆಲಕ್ಕೆ ಕುಸಿದು ಕೂತರು. ಮುರಿಗೆಪ್ಪನಿಗೆ ಸಿಟ್ಟು ಬಂತು. ಇದೇನು ಮಾಡಿದಿರಿ, ಇನ್ನು ಕಾಮನನ್ನು ಹೇಗೆ ಸುಡುವುದು, ಇವತ್ತು ಊರಿನ ಮಕ್ಕಳು ಏನು ತಿನ್ನಬೇಕು ಎಂದು ಅವನು ಕೂಗಾಡಿದ.

"ಎಲ್ಲಾರ ಒಲೀನೂ ಆರೇತಲ್ಲ, ತಮ್ಮಾ. ಮಠದ ಒಲೀನೂ ಊರಾಗಿನ ಒಲೀನ ಹೌದಲ್ಲ" ಎಂದರು ಪೂಜ್ಯರು. ಅವನ ಕೈಯಿಂದ ಬುಟ್ಟಿಯನ್ನು ಮೆಲ್ಲಗೆ ತೆಗೆದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೊರಟರು.

ದೂರದಲ್ಲಿ ಹಳ್ಳದ ದಂಡೆಯ ಮೇಲೆ ಒಂದೇ ಒಂದು ಹೊಗೆಯ ಎಳೆ ಏಳುತ್ತಿತ್ತು. ಒಲೆ ಆರಿಸುವ ಪದ್ಧತಿಯನ್ನು ಆ ಜನಕ್ಕೆ ಯಾರೂ ಹೇಳಿರಲಿಲ್ಲ. ಆ ಸಂಜೆ ಕಲ್ಲಭಾವಿಯ ಸೀಮೆಯಲ್ಲಿ ಬೆಂಕಿಯಿದ್ದದ್ದು ಅಲ್ಲಿ ಮಾತ್ರ.

ಊರೆಲ್ಲ ಅಜ್ಜನವರ ಹಿಂದೆ ಬಿತ್ತು. ಭಕ್ತಿಯಿಂದ ಹೋದವರೆಷ್ಟೋ, ಪಂಜು ಹಿಡಿದು ಹೋದವರೆಷ್ಟೋ. ಇಷ್ಟು ಜನ ಬರುವುದನ್ನು ಕಂಡು ಗುಡಿಸಲುಗಳ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಗಂಡಸರು ಕುಡುಗೋಲು, ಕೊಡಲಿ ಹಿಡಿದು ಸಾಲಾಗಿ ನಿಂತರು. ಒಂದು ಕಲ್ಲು ಬಿದ್ದಿದ್ದರೆ ಸಾಕಿತ್ತು. ಅಜ್ಜನವರು ಆ ಸಾಲಿನ ನಡುವೆಯೇ ನಡೆದು ಹೋಗಿ ಹೊಗೆ ಏಳುತ್ತಿದ್ದ ಗುಡಿಸಲಿನ ಮುಂದೆ ಭಿಕ್ಷೆಗೆ ನಿಲ್ಲುವಂತೆ ನಿಂತರು. ಅದು ಸುಂಕುಲಮ್ಮ ಎಂಬ ಮುದುಕಿಯ ಗುಡಿಸಲು.

"ಅವ್ವಾ, ನಮ್ಮೂರಾಗ ಬೆಂಕಿ ಇಲ್ಲ. ಒಂದ ಕೆಂಡ ನೀಡು."

ಮುದುಕಿ ಅವರನ್ನು ನೋಡಿದಳು, ಅವರ ಹಿಂದಿದ್ದ ಪಂಜುಗಳನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. "ನಿಪ್ಪು ನಾವು ಕೊಡಬೇಕು, ಅದರಿಂದ ಸುಡೋದು ನಮ್ಮ ಮನೆ. ಇದು ಯಾವ ಊರ ನ್ಯಾಯ ಸ್ವಾಮಿ?" ಎಂದಳು.

"ಸುಡೋದಾದ್ರ ಮೊದಲ ನನ್ನ ಸುಡಲಿ" ಎಂದು ಅಜ್ಜನವರು ಆ ಗುಡಿಸಲಿನ ಬಾಗಿಲಲ್ಲಿ ನೆಲದ ಮೇಲೆ ಕೂತರು.

ಸುಂಕುಲಮ್ಮ ಅವರ ಎದುರು ಕುಕ್ಕರಗಾಲಲ್ಲಿ ಕೂತಳು. ಆಮೇಲೆ ತನ್ನ ಹರಕು ಕನ್ನಡದಲ್ಲಿ ಹೇಳಿದಳು: ಊರು ಮುಳುಗುವ ದಿನ ಎಲ್ಲರೂ ಕಾಳು, ಪಾತ್ರೆ ಕಟ್ಟಿಕೊಂಡರು, ಬಾಗಿಲು ಕಿತ್ತುಕೊಂಡರು, ನಾನು ಅತ್ತೆಯ ಕಾಲದ ಒಲೆಯಿಂದ ಈ ಬೆಂಕಿಯನ್ನು ಮಡಕೆಯಲ್ಲಿ ತುಂಬಿಕೊಂಡೆ. ದಾರಿಯುದ್ದಕ್ಕೂ ಕುಳ್ಳು ತಿನ್ನಿಸುತ್ತ ಬಂದೆ. ನನ್ನ ಊರಿನದೆಂದು ನೀರಿಗೆ ಸಿಗದೆ ಉಳಿದದ್ದು ಇದೊಂದೇ. ಹೀಗೆ ಹೇಳಿ ಅವಳು ಒಳಗೆ ಹೋಗಿ ಒಲೆಯ ಮುಂದೆ ಬಗ್ಗಿದಳು.

ಆಗ ಮುರಿಗೆಪ್ಪನ ಕಣ್ಣು ಗುಡಿಸಲಿನ ಒಳಗೆ ಹೋಯಿತು. ಒಲೆಯ ಪಕ್ಕದಲ್ಲಿ ಗಳಕ್ಕೆ ಹಳೆಯ ಸೀರೆಯ ತೊಟ್ಟಿಲು ಕಟ್ಟಿತ್ತು. ಹಗ್ಗಕ್ಕೆ ಸಿಕ್ಕಿಸಿದ ಬೇವಿನ ಎಲೆ ಒಣಗಿ ಸುರುಟಿತ್ತು. ಒಳಗೆ ಮಡಿಸಿಟ್ಟ ಒಂದು ಪುಟ್ಟ ಕೌದಿ, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಕೂಸು ಆಡಲು ಹೋಗಿರಬೇಕು ಎಂದುಕೊಳ್ಳುತ್ತಿದ್ದರು. ಬಿಚ್ಚಲಾರದೆ ಬಿಟ್ಟ ತೊಟ್ಟಿಲು ಹೇಗಿರುತ್ತದೆಂದು ಮುರಿಗೆಪ್ಪನಿಗೆ ಗೊತ್ತಿತ್ತು.

"ಕೂಸು?" ಎಂದ.

"ಹೋಯಿತಪ್ಪಾ. ನನ್ನ ಮೊಮ್ಮಗ. ನಿಮ್ಮೂರ ಭಾವಿ ನೀರು ಕುಡಿದು, ನಿಮ್ಮೂರ ಬೇನೆ ಬಂದು ಹೋಯಿತು" ಎಂದಳು ಮುದುಕಿ, ಕೆಂಡ ಕೆದಕುತ್ತಲೇ. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೇ. "ಆ ದಿನ ಈ ಸ್ವಾಮಿ ಬಂದಿದ್ದರು. ಕೈಯಾರೆ ಮಣ್ಣು ಕೊಟ್ಟರು. ಅಲ್ಲಿಂದ ಹಾಗೇ ಮಠಕ್ಕೆ ಓಡಿದರು, ಊರಾಗ ಇನ್ನೊಂದು ಕೂಸಿಗೆ ಬಂದೈತಂತ."

ಆ ಇನ್ನೊಂದು ಕೂಸು ಯಾವುದೆಂದು ಮುರಿಗೆಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂದು ತನ್ನ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ಆ ಕೈಗಳಿಗೆ ಹಸಿಮಣ್ಣು ಹತ್ತಿದ್ದು ಈಗ ಅವನ ಕಣ್ಣಿಗೆ ಕಟ್ಟಿತು. ಅಂದು ಅವನು ಅದನ್ನು ಕಂಡಿದ್ದ, ಯಾಕೆಂದು ಕೇಳಿರಲಿಲ್ಲ.

ಸುಂಕುಲಮ್ಮ ಕೆಂಡವನ್ನು ಬುಟ್ಟಿಗೆ ಹಾಕಿದಳು. ಅಜ್ಜನವರು ಎದ್ದು ಬುಟ್ಟಿಯನ್ನು ಮುರಿಗೆಪ್ಪನ ಮುಂದೆ ಹಿಡಿದರು. ಗಾಳಿಗೆ ಕೆಂಡ ಕೆಂಪಗೆ ಬೆಳಗಿತು. ಎಣ್ಣೆಯಲ್ಲಿ ತೊಯ್ದ ಪಂಜು ಅದರಿಂದ ಒಂದು ಗೇಣು ದೂರದಲ್ಲಿತ್ತು. ಹಿಂದೆ ಹುಡುಗರು ಅವನನ್ನೇ ನೋಡುತ್ತಿದ್ದರು. ಅವನು ಹೊತ್ತಿಸಿದರೆ ಅವರೂ ಹೊತ್ತಿಸುವವರು.

"ಹಚ್ಚಿಕೋ, ಮುರಿಗೆಪ್ಪಾ" ಎಂದರು ಪೂಜ್ಯರು.

ಅವನ ಕೈ ಏಳಲಿಲ್ಲ. ಮಗಳನ್ನು ಮಣ್ಣಿಗಿಟ್ಟ ದಿನವೂ ಅಳದ ಮನುಷ್ಯ ಪಂಜನ್ನು ಕೆಳಗೆ ಬಿಟ್ಟು, ಆ ಜನರೆಲ್ಲರ ಮುಂದೆ ಹೋ ಎಂದು ಅತ್ತ. ಕೊಡಲಿ ಹಿಡಿದು ನಿಂತಿದ್ದವನೊಬ್ಬ ಕೊಡಲಿ ಕೆಳಗಿಟ್ಟು ಅವನಿಗೆ ಕುಡಿಯಲು ನೀರು ತಂದುಕೊಟ್ಟ. ಬೆಳಿಗ್ಗೆ ಅಜ್ಜನವರು ಹೊತ್ತು ತಂದಿದ್ದ ನೀರಿನಲ್ಲಿ ಉಳಿದದ್ದು ಅದು. ಮುರಿಗೆಪ್ಪ ಕುಡಿದ.

ಆ ಸಂಜೆ ಕಾಮನ ಮೇಲೆ ಮೊದಲು ಬಿದ್ದದ್ದು ಎಣ್ಣೆ ತೊಯ್ದ ಪಂಜುಗಳು. ಅವುಗಳ ಮೇಲೆ ಮುರಿಗೆಪ್ಪ ಸುಂಕುಲಮ್ಮನ ಕೆಂಡವಿಟ್ಟ. ಕಾಮ ಹಿಂದೆಂದೂ ಹತ್ತದ ಹಾಗೆ ಧಗಧಗ ಹತ್ತಿದ. ಹಳ್ಳದ ದಂಡೆಯವರು ದೂರ ನಿಂತಿದ್ದರು. ಕುಂಬಾರ ಓಣಿಯ ಆ ಇಬ್ಬರು ಹೆಂಗಸರು ಹೋಗಿ ಅವರನ್ನು ಕರೆತಂದರು. ಈ ಸಲ ಅವರು ಸೆರಗು ಮುಚ್ಚಿಕೊಳ್ಳಲಿಲ್ಲ.

ಮುರಿಗೆಪ್ಪ ಕುಳ್ಳಿನ ಮೇಲೆ ಕೆಂಡವಿಟ್ಟುಕೊಂಡು ಮನೆಗೆ ಬಂದಾಗ ನೀಲವ್ವ ತಣ್ಣಗಿನ ಒಲೆಯ ಮುಂದೆ ಕೂತಿದ್ದಳು. ಮಠದ ಒಲೆ ಆರಿದ ಸುದ್ದಿ ಅವಳಿಗೂ ಮುಟ್ಟಿತ್ತು. ಕೂಸು ಹೋದಂದಿನಿಂದ ಮಾತಾಡದಿದ್ದವಳು ಅವತ್ತು ಕೇಳಿದಳು.

"ಯಾರ ಮನಿ ಬೆಂಕಿ?"

"ಕೂಸು ಕಳಕೊಂಡವ್ರ ಮನೀದು" ಎಂದ ಮುರಿಗೆಪ್ಪ.

ನೀಲವ್ವ ಕೈ ಚಾಚಿ ಕುಳ್ಳಿನ ಸಮೇತ ಕೆಂಡವನ್ನು ತೆಗೆದುಕೊಂಡಳು. ಒಲೆಗಿಟ್ಟು, ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಊದಿದಳು. ಅನ್ನ ಬೇಯುವ ತನಕ ಇಬ್ಬರೂ ಆ ಬೆಳಕಿನಲ್ಲೇ ಕೂತರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಯಾರೋ ಕೆಮ್ಮಿದ ಸದ್ದಾಯಿತು. ಮುರಿಗೆಪ್ಪ ಹೊರಗೆ ಬಂದು ನೋಡಿದರೆ ಪೂಜ್ಯ ಬೂದಯ್ಯಜ್ಜನವರು ಬೂದಿ ಹಾಸಿದ ಬುಟ್ಟಿ ಹಿಡಿದು ನಿಂತಿದ್ದಾರೆ. "ಮಠದ ಒಲಿ ಆರೇತಿ. ಒಂದ ಕೆಂಡ ಕೊಡು, ತಮ್ಮಾ" ಎಂದರು. ಮುರಿಗೆಪ್ಪ ಆ ಹೊಸ್ತಿಲ ಮೇಲೆಯೇ ಅವರ ಪಾದಕ್ಕೆ ಹಣೆಯಿಟ್ಟ. ಎದ್ದು ನೋಡಿದಾಗ ನೀಲವ್ವ ಬುಟ್ಟಿಗೆ ಕೆಂಡ ಹಾಕಿ, ತುಂಬಿದ ಕೊಡ ಎತ್ತಿಕೊಂಡು ಹಳ್ಳದ ದಾರಿ ಹಿಡಿದಿದ್ದಳು.

ಆ ಬೇಸಿಗೆಯಿಡೀ ಗಾಣಿಗೇರ ಮನೆಯ ದೊಡ್ಡ ಹಂಡೆ ಮಠದ ಹುಣಸೆಮರದ ಕೆಳಗೆ ಒಲೆಯ ಮೇಲಿತ್ತು. ಕುಡಿಯುವ ನೀರನ್ನು ಕಾಯಿಸಿ ಆರಿಸಿ ಊರಿಗೂ ಹಳ್ಳದ ದಂಡೆಗೂ ಹಂಚುವುದು ಮುರಿಗೆಪ್ಪನ ಕೆಲಸವಾಯಿತು. ಬೇನೆ ಇಳಿಯಿತು. ಅದು ಅಜ್ಜನವರ ಪವಾಡ ಎಂದು ಜನ ಹೇಳಿದರೆ ಪೂಜ್ಯರು ನಕ್ಕು ಹಂಡೆಯನ್ನು ತೋರಿಸುತ್ತಿದ್ದರು. ಹಂಡೆಯ ಒಲೆಗೆ ಕುಳ್ಳು ನೂಕುತ್ತ ಕೂತಿರುತ್ತಿದ್ದ ಮುರಿಗೆಪ್ಪ ಮಾತ್ರ ಎರಡೂ ಕೂಸುಗಳನ್ನು ಹಿಡಿದಿದ್ದ ಅಜ್ಜನವರ ಕೈಗಳನ್ನೇ ನೋಡುತ್ತಿದ್ದ.