ಅಬ್ಬಿಗೆ ಹೋಗುವ ಸುಲಭದ ದಾರಿ

"ಗುರುಗಳೇ, ಮುದುಕರೂ ಮಕ್ಕಳೂ ಮಾಡಬಲ್ಲ ಸಾಧನೆಯಿಂದ ನನಗೆ ಏನು ದಕ್ಕೀತು?"

ಹೀಗೆ ಕೇಳಿದವನು ಶಂಭುಲಿಂಗ. ಮಠಕ್ಕೆ ಬರುವ ಮೊದಲು ಅವನು ಬೆಟ್ಟದ ಮೇಲಿನ ಗವಿಯಲ್ಲಿ ಒಬ್ಬನೇ ಇದ್ದು ಕಠಿಣ ಉಪವಾಸಗಳನ್ನು ಮಾಡಿದ್ದ. ಮೈ ಸೋತು ಕಾಯಿಲೆ ಬಿದ್ದ ಮೇಲೆ ಕೆಳಗಿಳಿದು ಬಂದಿದ್ದ. ಗುರುಗಳು ಅವನಿಗೆ ಹೇಳಿದ್ದು ಇಷ್ಟೇ: ಹೊತ್ತಿಗೆ ಸರಿಯಾಗಿ ಉಣ್ಣು, ಬೆಳಗ್ಗೆ ಸಂಜೆ ಕುಳಿತು ಶಿವನನ್ನು ನೆನೆ, ಬಂದವರಿಗೆ ಬಡಿಸು. ಇದು ಅವನಿಗೆ ಅವಮಾನವೆನಿಸಿತ್ತು.

ಗುರುಗಳು ಬೇಸರಿಸಲಿಲ್ಲ. ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಕಾಡಿನಲ್ಲಿ ಒಬ್ಬ ಜೇನುಗಾರನಿದ್ದ. ಆ ಕಾಡಿನಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಜಲಪಾತವಿತ್ತು. ಜನ ಅದನ್ನು ಅಬ್ಬಿ ಎನ್ನುತ್ತಿದ್ದರು. ನೀರಿನ ಪಕ್ಕದ ಕಡಿದಾದ ಬಂಡೆಗೆ ವರ್ಷವೂ ಹೆಜ್ಜೇನು ಕಟ್ಟುತ್ತಿತ್ತು.

ಅಬ್ಬಿಗೆ ಎರಡು ದಾರಿ. ಒಂದು ಬೆಟ್ಟದ ಬೆನ್ನು ಹತ್ತಿ, ನೆತ್ತಿ ಮುಟ್ಟಿ, ಅಲ್ಲಿಂದ ಹಗ್ಗದಲ್ಲಿ ಬಂಡೆಗೆ ಇಳಿಯುವ ದಾರಿ. ಇನ್ನೊಂದು ಹಳ್ಳದ ಪಕ್ಕದ ಕಾಲುಹಾದಿ. ಅದರಲ್ಲಿ ಏರಿಲ್ಲ, ಇಳಿತವಿಲ್ಲ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಂದಿರು, ಕೋಲೂರಿದ ಅಜ್ಜಿಯರು ಹರಟುತ್ತ ಹೋಗಿ, ನೀರು ನೋಡಿ, ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಮರಳಿ ಬರುತ್ತಿದ್ದರು. ಜೇನುಗಾರ ಆ ಹಾದಿಗೆ ಒಂದು ದಿನವೂ ಕಾಲಿಟ್ಟವನಲ್ಲ. "ಅದು ನೋಡುವವರ ದಾರಿ, ನನ್ನದು ಇಳಿಯುವವರ ದಾರಿ" ಎನ್ನುತ್ತಿದ್ದ. ಊರೂ ಹೌದೆನ್ನುತ್ತಿತ್ತು.

ಜೇನುಗಾರರಲ್ಲಿ ಒಂದು ಕಟ್ಟಳೆಯಿತ್ತು. ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ಒಡಹುಟ್ಟಿದವಳ ತಾಳಿ ಉಳಿಯಬೇಕೆಂದು ಬಯಸುವವನ ಕೈ ಸಡಿಲವಾಗದು ಎಂಬ ನಂಬಿಕೆ. ಇನ್ನೊಂದು ಕಟ್ಟಳೆ ಹೆಂಡತಿಗೆ. ಗಂಡ ಹಗ್ಗದಲ್ಲಿರುವಾಗ ಅವಳು ಮನೆಯ ಹೊಸ್ತಿಲು ದಾಟಬಾರದು. ದಾಟಿದರೆ ಗಂಡನಿಗೆ ಕೇಡು.

ಜೇನುಗಾರನ ಹಗ್ಗ ಹಿಡಿಯುತ್ತಿದ್ದವನು ಅವನ ಭಾವಮೈದುನ. ಮೇಲೆ ಅವನು, ಕೆಳಗೆ ಇವನು. ಹೀಗೆ ಎಷ್ಟೋ ಬೇಸಿಗೆಗಳು ಕಳೆದವು.

ಒಂದು ವರ್ಷ ಜೇನುಗಾರ ಬಂಡೆಯ ಮುಂಚಾಚಿನ ಅಡಿಯಲ್ಲಿ ಕಾಲೂರಿ ನಿಂತಿದ್ದಾಗ ಒಮ್ಮೆಲೇ ಕೆಳಕ್ಕೆ ಜಾರಿದ. ಹಗ್ಗ ಓಡಿತು, ಮತ್ತೆ ಬಿಗಿಯಿತು. ಅಷ್ಟರಲ್ಲಿ ಕಾಲು ಬಂಡೆಗೆ ಅಪ್ಪಳಿಸಿತು. ಮೂಳೆ ಕೂಡಿಕೊಂಡಿತು, ಆದರೆ ಕಾಲು ಗಿಡ್ಡವಾಯಿತು. ಇನ್ನು ಬೆಟ್ಟ ಹತ್ತುವಂತಿರಲಿಲ್ಲ.

ಜೇನುಗಾರ ಮೂಲೆ ಹಿಡಿದ. ಅವನನ್ನು ಕಾಲಿಗಿಂತ ಹೆಚ್ಚಾಗಿ ಒಂದು ಅನುಮಾನ ನೋಯಿಸುತ್ತಿತ್ತು: ಭಾವಮೈದುನ ಕೈ ಸಡಿಲಿಸಿದ. ಜೇನುನೊಣ ಓಡಿಸಲು ಹಾಕಿದ ಹೊಗೆಯ ನಡುವೆ, ಮುಂಚಾಚಿನ ಅಡಿಯಲ್ಲಿ ನೇತಾಡುತ್ತಿದ್ದವನಿಗೆ ಬೇರೇನೂ ಕಂಡಿರಲಿಲ್ಲ. ಅವನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಭಾವಮೈದುನ ಬಂದು ಬಾಗಿಲಲ್ಲಿ ನಿಂತರೆ ಮುಖ ತಿರುಗಿಸಿದ, ಅಷ್ಟೇ. ಊರಿಗೆ ಅಷ್ಟು ಸಾಕಾಯಿತು. ಭಾವಮೈದುನ ಹೋದಲ್ಲೆಲ್ಲ ಜನ ಪಿಸುಗುಟ್ಟಿದರು. ಅವನ ಕೈಗೆ ಯಾರೂ ಹಗ್ಗ ಕೊಡಲಿಲ್ಲ.

ಹೆಂಡತಿ ಒಮ್ಮೆ, "ನನ್ನ ತಮ್ಮ ಅಂಥವನಲ್ಲ" ಎಂದಳು.

"ತವರಿನ ಮಾತು ಬೇಡ. ನೀನೇನು ಕಣ್ಣಾರೆ ಕಂಡಿದ್ದೀಯಾ?" ಎಂದ.

ಅವಳು ಎದ್ದು ಒಳಗೆ ಹೋದಳು.

ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಅವಳು ಅವನ ಎದುರಿಗೆ ಬಂದು ಕುಳಿತಳು. "ನನ್ನ ತಮ್ಮ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ಕಾಡಿಗೆ ಹೊರಟಿದ್ದಾನೆ. ನಾಳೆ ಹೋಗುತ್ತಾನೆ. ಅದಕ್ಕೆ ಮೊದಲು ನನ್ನ ಜೊತೆ ಅಬ್ಬಿಗೆ ಬನ್ನಿ. ಇನ್ನು ನಿಮ್ಮನ್ನು ಏನೂ ಕೇಳುವುದಿಲ್ಲ" ಎಂದಳು.

ಅವಳು ಅವನನ್ನು ಅಲ್ಲಿಯವರೆಗೆ ಏನನ್ನೂ ಕೇಳಿದವಳಲ್ಲ. ಅವನು ಕೋಲು ಹಿಡಿದು ಎದ್ದ.

ಕಾಲುಹಾದಿಯಲ್ಲಿ ಅವನು ತಲೆ ಎತ್ತಲಿಲ್ಲ. ಎದುರಿಗೆ ಬಂದ ಅಜ್ಜಿಯರು ಅವನನ್ನು ಕಂಡು ದಾರಿ ಬಿಟ್ಟರು. ಬಂಡೆಗೆ ಇಳಿಯುತ್ತಿದ್ದವನು ಇಂದು ಅಜ್ಜಿಯರಿಂದ ದಾರಿ ಬಿಡಿಸಿಕೊಂಡು ನಡೆಯುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಹಿಂದಿರುಗೋಣವೆಂದುಕೊಂಡ. ಆದರೆ ಹಾದಿ ಎಷ್ಟು ಚಿಕ್ಕದೆಂದರೆ, ಅವನು ಮನಸ್ಸು ಗಟ್ಟಿ ಮಾಡುವಷ್ಟರಲ್ಲೇ ಅಬ್ಬಿ ಬಂದುಬಿಟ್ಟಿತು.

ಅವನು ತಲೆ ಎತ್ತಿದ. ನೆತ್ತಿಯಿಂದ ಬುಡದವರೆಗೆ ನೀರು ಬೀಳುತ್ತಿತ್ತು. ಜೀವಮಾನವೆಲ್ಲ ಅದರ ಪಕ್ಕದಲ್ಲೇ ನೇತಾಡಿದವನು ಅದನ್ನು ಇಡಿಯಾಗಿ ಕಂಡದ್ದು ಅಂದೇ. ಹಗ್ಗದಲ್ಲಿದ್ದಾಗ ಅವನು ಬಂಡೆ ನೋಡಿದ್ದ, ಜೇನುಹುಟ್ಟಿ ನೋಡಿದ್ದ, ತನ್ನ ಕೈ ನೋಡಿದ್ದ. ನೀರನ್ನು ನೋಡಲು ಬಿಡುವೆಲ್ಲಿತ್ತು? ಎಷ್ಟು ಹೊತ್ತು ನಿಂತನೋ ಅವನಿಗೇ ತಿಳಿಯಲಿಲ್ಲ.

ನೀರಿನ ಸದ್ದಿನಲ್ಲಿ ಮಾತು ಕೇಳಿಸುವಂತಿರಲಿಲ್ಲ. ಹೆಂಡತಿ ಅವನ ಕಿವಿಗೆ ಬಾಯಿಟ್ಟು ಹೇಳಿದಳು:

"ನೀವು ಇಳಿದಾಗಲೆಲ್ಲ ನಾನು ಇಲ್ಲಿ ನಿಂತಿರುತ್ತಿದ್ದೆ. ಮನೆಯೊಳಗೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ನೀವು ಬಿದ್ದ ದಿನವೂ ಇದ್ದೆ. ತಲೆಯ ವಸ್ತ್ರ ಬಿಚ್ಚಿ ಬಲಗೈಗೆ ಸುತ್ತಿಕೊಂಡಿರಿ. ಆಮೇಲೆ ನಿಮ್ಮ ಕಾಲಡಿಯ ಕಲ್ಲು ಕಳಚಿತು. ಹಗ್ಗ ಓಡಿದ್ದು ಅದರ ನಂತರ. ನನ್ನ ತಮ್ಮ ಹೊಟ್ಟೆಯಡಿಯಾಗಿ ಬಿದ್ದು, ಹಗ್ಗ ಎಳೆದಂತೆಲ್ಲ ಅಂಚಿನವರೆಗೂ ಜಾರಿ ಬಂದ. ತಲೆ ಹೊರಕ್ಕೆ ಬಂತು, ಎದೆ ಹೊರಕ್ಕೆ ಬಂತು. ಕೈ ಮಾತ್ರ ಬಿಡಲಿಲ್ಲ."

ವಸ್ತ್ರ ಸುತ್ತಿಕೊಂಡದ್ದನ್ನು ಜೇನುಗಾರ ಯಾರಿಗೂ ಹೇಳಿರಲಿಲ್ಲ. ಮುಂಚಾಚಿನ ಅಡಿಯಲ್ಲಿ ನಡೆದದ್ದು ಮೇಲಿನವರಿಗೆ ಕಾಣುವುದೂ ಇಲ್ಲ.

"ಇಷ್ಟು ದಿನ ಏಕೆ ಹೇಳಲಿಲ್ಲ?" ಎಂದ.

"ಹೊಸ್ತಿಲು ದಾಟಿದವಳು ನಾನು. ನನ್ನಿಂದಲೇ ನೀವು ಬಿದ್ದಿರಿ ಎನ್ನುತ್ತೀರೆಂದು ಹೆದರಿದೆ. ಈಗ ಬೇಕಾದರೆ ಅನ್ನಿ. ತಮ್ಮನ ಮೇಲಿನ ಮಾತು ಹೋದರೆ ಸಾಕು."

ಅವನು ಮೇಲೆ ನೋಡಿದ. ಬಂಡೆಯ ಅಂಚು, ಅದರ ಕೆಳಗೆ ತಾನು ನೇತಾಡುತ್ತಿದ್ದ ಜಾಗ, ಎರಡೂ ಅಲ್ಲಿಂದ ಒಟ್ಟಿಗೆ ಕಾಣುತ್ತಿದ್ದವು. ಅವಳ ಕೈ ಹಿಡಿದುಕೊಂಡ.

ಅವನು ಮನೆಗೆ ಹೋಗಲಿಲ್ಲ. ನೇರವಾಗಿ ಭಾವಮೈದುನನ ಬಿಡಾರಕ್ಕೆ ನಡೆದ. ಅಲ್ಲಿ ಗಂಟುಮೂಟೆ ಕಟ್ಟಿಟ್ಟಿದ್ದರು. ಜೇನುಗಾರ ಅವನ ಎರಡೂ ಕೈಗಳನ್ನು ಹಿಡಿದು ತಿರುಗಿಸಿ ನೋಡಿದ. ಅಂಗೈಯಲ್ಲಿ ಚರ್ಮ ಕಿತ್ತುಹೋಗಿ ಮಾಗಿದ ಬರೆಗಳಿದ್ದವು. ಅವನು ಆ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಊರಿನವರೆಲ್ಲರಿಗೆ ಕೇಳಿಸುವಂತೆ, "ಗಂಟು ಬಿಚ್ಚು. ಈ ಕೈ ಇಲ್ಲದಿದ್ದರೆ ನಾನು ಇಂದು ಇರುತ್ತಿರಲಿಲ್ಲ" ಎಂದ.

ಭಾವಮೈದುನ ಅತ್ತ. ಗಂಟು ಬಿಚ್ಚಿದ.

ಮುಂದಿನ ಬೇಸಿಗೆಯಲ್ಲಿ ಬಂಡೆಗೆ ಇಳಿದವನು ಭಾವಮೈದುನ. ಜೇನುಗಾರ ಹೆಂಡತಿಯ ಜೊತೆ ಕಾಲುಹಾದಿಯಲ್ಲಿ ಹೋಗಿ ಕೆಳಗೆ ನಿಂತ. ಇಳಿದವನಿಗೆ ಕಾಣದ ಬಿರುಕುಗಳು ಅಲ್ಲಿಂದ ಕಾಣುತ್ತಿದ್ದವು. ಅವನು ವಸ್ತ್ರ ಬೀಸಿ, ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂದು ತೋರಿಸಿದ. ಅಂದಿನಿಂದ ಆ ಊರಿನಲ್ಲಿ ಯಾರನ್ನು ಬಂಡೆಗೆ ಇಳಿಸುವಾಗಲೂ ಒಬ್ಬರು ಕೆಳಗೆ ನಿಲ್ಲುವುದು ರೂಢಿಯಾಯಿತು. ಇಳಿದವನ ಹೆಂಡತಿಯೂ ನಿಲ್ಲಬಹುದಾಗಿತ್ತು. ಹೊಸ್ತಿಲಿನ ಕಟ್ಟಳೆಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ಕೇಳಿದ:

"ಅವನಿಗಾದರೆ ಮೇಲೆ ಹಗ್ಗ ಹಿಡಿಯಲು ಒಬ್ಬನಿದ್ದ. ಗವಿಯಲ್ಲಿ ನಾನು ಒಬ್ಬನೇ ಇದ್ದೆನಲ್ಲ, ಗುರುಗಳೇ?"

ಗುರುಗಳು ಹೇಳಿದರು:

"ನೀನು ಕಣ್ಣು ಮುಚ್ಚಿ ಕುಳಿತಿದ್ದ ಅಷ್ಟೂ ದಿನ, ಗವಿಯ ಬಾಗಿಲಲ್ಲಿ ನಿನಗೆ ಕುಡಿಯಲು ನೀರಿಟ್ಟು ಹೋಗುತ್ತಿದ್ದವರು ಯಾರು, ಶಂಭುಲಿಂಗ?"