ಸಲೋಮಿಯ ಕೊಳವೆ

“ಬಾಯಿ ಇದೆ, ಉಸಿರಿಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತದೆ, ಹಾಡುವ ಹೊತ್ತಿಗೆ ಸುಮ್ಮನಿರುತ್ತದೆ. ಆದರೂ ಒಬ್ಬ ಅದರ ಹಾಡು ಕೇಳಬೇಕೆಂದು ಹೊಸ ಅಂಗಿ ಹೊಲಿಸಿಕೊಂಡು ಬಂದ. ಏನದು ಹೇಳು?” ಎಂದರು ಗುರುಗಳು.

ಶಿಷ್ಯ ಕೇಳಿದ್ದು ಒಗಟನ್ನಲ್ಲ. ಅವನ ಹೆಸರು ಎಲೀಷ, ಪಾದ್ರಿಯಾಗಲು ಕಲಿಯುತ್ತಿದ್ದವನು. ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಒಬ್ಬನಿಗೆ, ಮುನಿಸಿಕೊಂಡಿದ್ದ ನಿನ್ನ ತಮ್ಮ ನಿನ್ನನ್ನು ಕ್ಷಮಿಸಿದ್ದಾನೆ ಎಂದು ಹೇಳಿ ಬಂದಿದ್ದ. ತಮ್ಮ ಕ್ಷಮಿಸಿರಲಿಲ್ಲ. ರೋಗಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಎಲೀಷನ ನೆಮ್ಮದಿ ಹೋಯಿತು. ಸಮಾಧಾನಕ್ಕೆಂದು ಆಡಿದ ಸುಳ್ಳು ಪಾಪವೇ ಎಂದು ಅವನು ಗುರುಗಳನ್ನು ಕೇಳಿದ್ದ. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಗಟು ಹಾಕಿ ಕೂತರು.

ಎಲೀಷ ಗಂಟೆ ಎಂದ, ಕಹಳೆ ಎಂದ, ಕೊನೆಗೆ ನಮ್ಮ ಸಭೆಯ ಹಿರಿಯರೇ ಎಂದ. ಹತ್ತಿರ ಬಂದೆ ಎಂದು ಗುರುಗಳು ಕತೆ ಶುರು ಮಾಡಿದರು.

ಒಂದು ಊರಿನ ಚರ್ಚಿಗೆ ಒಬ್ಬ ಬಡಗಿ ಪೈಪ್ ಆರ್ಗನ್ ಕಟ್ಟಿಕೊಟ್ಟ. ಎಲ್ಲವೂ ಕೈಕೆಲಸ. ಕೀಲಿ ಒತ್ತಿದರೆ ತಿದಿಯ ಗಾಳಿ ಕೊಳವೆಗೆ ನುಗ್ಗಿ ಸ್ವರ ಹೊರಡುತ್ತದೆ. ಹಾಡುವ ಕೊಳವೆಗಳೆಲ್ಲ ಮರದವು, ನೋಡಲು ಚೆಂದವಿಲ್ಲ, ಹಿಂದೆ ಅಡಗಿದ್ದವು. ಅವನ್ನು ಮರೆಮಾಡಲು ಮುಂದೆ ತವರದ ಕೊಳವೆಗಳ ಸಾಲು. ಅವು ಥಳಥಳ ಹೊಳೆಯುತ್ತಿದ್ದವು. ಅವಕ್ಕೆ ಗಾಳಿಯ ದಾರಿಯೇ ಇರಲಿಲ್ಲ.

ದಾನ ಕೊಟ್ಟವರು ಹೇಳಿದ ಹೆಸರನ್ನು ಕೊಳವೆಯ ಮೇಲೆ ಕೆತ್ತಿಸುವುದೆಂದು ಸಭೆಯ ಹಿರಿಯರು ಗೊತ್ತುಮಾಡಿದರು. ಹಾಡುವವು ಹಿಂದಿವೆ ಎಂದು ಬಡಗಿ ಮೆಲ್ಲಗೆ ಹೇಳಿ ನೋಡಿದ.

“ಹಿಂದೆ ಕೆತ್ತಿದರೆ ಓದುವವರು ಯಾರಪ್ಪ, ಹಲ್ಲಿಗಳೇ?” ಎಂದರು ಹಿರಿಯರೊಬ್ಬರು.

ಬಡಗಿ ಮುಂದಿನ ಸಾಲಿನಲ್ಲೇ ಕೆತ್ತಿದ. ಹೆಸರು ತಾನೇ, ಅದೇನು ಹಾಡಬೇಕಾಗಿಲ್ಲವಲ್ಲ ಎಂದುಕೊಂಡ.

ಆ ಊರಿನಲ್ಲಿ ಒಬ್ಬ ಹೆಂಚಿನ ವ್ಯಾಪಾರಿಯಿದ್ದ. ಹೆಂಚನ್ನು ಗೆಣ್ಣಿನಿಂದ ಕುಟ್ಟಿ, ದನಿ ಕೇಳಿಯೇ ಕೊಳ್ಳುವವನು. ಕೂದಲೆಳೆಯಷ್ಟು ಬಿರುಕಿದ್ದರೂ ಅವನ ಕಿವಿ ಬಿಡುತ್ತಿರಲಿಲ್ಲ. ಅವನ ಹೆಂಡತಿ ಸಲೋಮಿ ಚರ್ಚಿನ ಗಾಯಕರ ಗುಂಪಿನಲ್ಲಿ ಹಾಡುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಅವನು ಆರಾಧನೆಗೆ ಬರುತ್ತಿದ್ದ, ಕೂರುತ್ತಿದ್ದ. ಕೀರ್ತನೆಗೆ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಅವಳ ಹೆಸರಿನಲ್ಲಿ ಒಂದು ಕೊಳವೆಗೆ ದಾನ ಕೊಟ್ಟ. ನಡುವೆ ನಿಂತದ್ದು, ಎಲ್ಲಕ್ಕಿಂತ ಹೊಳೆಯುವುದು.

ಅರ್ಪಣೆಯ ದಿನ ಬಿಷಪ್ಪರು ಬಂದು ಪ್ರಾರ್ಥಿಸಿದರು, ರಿಬ್ಬನ್ ಕತ್ತರಿಸಿದರು. ವಾದ್ಯ ನುಡಿದಾಗ ಕಿಟಕಿಯ ಗಾಜು ಅದುರಿತು. ಆಮೇಲೆ ಜನವೆಲ್ಲ ಕೇಕು, ಚಹಾ ಎಂದು ಹೊರಗೆ ಹೋದರು. ವ್ಯಾಪಾರಿ ಹೋಗಲಿಲ್ಲ. ಹೊಸ ಅಂಗಿಯ ಕಾಲರು ಸರಿಮಾಡಿಕೊಂಡು ಬಡಗಿಯ ಹತ್ತಿರ ಬಂದ.

“ಎಲ್ಲ ಒಟ್ಟಿಗೆ ಕೂಗಿದರೆ ನನಗೇನು ತಿಳಿಯುತ್ತದೆ ಮೇಸ್ತ್ರಿ? ಅವಳದನ್ನು ಒಂದನ್ನೇ ನುಡಿಸು.”

ಬಡಗಿ ಕೀಲಿಗಳ ಮುಂದೆ ಕೂತ. ನಿಜ ಹೇಳಿದರೆ ಈ ಮನುಷ್ಯ ಅವಳನ್ನು ಇನ್ನೊಮ್ಮೆ ಮಣ್ಣಿಗೆ ಕೊಟ್ಟು ಮನೆಗೆ ಹೋಗುತ್ತಾನೆ. ಸುಳ್ಳು ಹೇಳುವುದೆಂದರೆ ವೇದಿಯ ಮುಂದೆ, ಅದೂ ಇಂಥ ಕಿವಿಯವನಿಗೆ. ಬಡಗಿ ಹಿಂದೆ ತಿದಿ ತುಳಿಯುವವನಿಗೆ ಸನ್ನೆ ಮಾಡಿದ. ಕೈಗೆ ಸಿಕ್ಕ ಒಂದು ಕೀಲಿ ಒತ್ತಿದ. ಹಿಂದೆಲ್ಲೋ ಒಂದು ಮರದ ಕೊಳವೆ ಗೊಗ್ಗರು ದನಿಯಲ್ಲಿ ನುಡಿಯಿತು.

ವ್ಯಾಪಾರಿ ಅಲ್ಲವೆಂದು ತಲೆಯಾಡಿಸಿದ. ನೆಗಡಿಯಾದಾಗಲೂ ಅವಳ ದನಿ ಇಷ್ಟು ದಪ್ಪ ಇರಲಿಲ್ಲ, ಸರಿಯಾಗಿ ನೋಡಿ ಒತ್ತು ಎಂದ. ಬಡಗಿ ಬೇರೆ ಕೀಲಿ ಒತ್ತಿದ. ಇದು ಪಕ್ಕದ ಮನೆಯವಳದು ಎಂದ ವ್ಯಾಪಾರಿ. ಬಡಗಿ ಇನ್ನೊಂದು ಒತ್ತಿದ. ಈ ಸಲ ವ್ಯಾಪಾರಿ ಬೆರಳು ಎತ್ತಬೇಡ ಎಂದು ಕೈ ಅಡ್ಡ ಹಿಡಿದ. ತಿದಿ ತುಳಿಯುವವನ ಕಾಲು ಸೋಲುವ ತನಕ ಹಾಗೇ ನಿಂತು ಕೇಳಿದ.

ಮುಂದಿನ ಭಾನುವಾರ ಕೀರ್ತನೆ ಶುರುವಾದಾಗ ವ್ಯಾಪಾರಿಯೂ ಬಾಯಿ ತೆರೆದ. ಶ್ರುತಿಗೆ ಒಂದಿಷ್ಟೂ ಸೇರಲಿಲ್ಲ. ಯಾರೂ ತಿರುಗಿ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಎಲೀಷ ಎಷ್ಟೋ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟ. ಅವನ ಮುಖ ಹಗುರಾಗಿತ್ತು. ಒಳ್ಳೆಯದೇ ಆಯಿತಲ್ಲ ಗುರುಗಳೇ, ಹಾಗಾದರೆ ನಾನು ಹೇಳಿದ್ದೂ ತಪ್ಪಲ್ಲ ಎಂದ.

“ಕತೆಯ ಕೊನೆಯದೆಲ್ಲ ನಾನೇ ಕಟ್ಟಿದ್ದು ಎಲೀಷ, ನಿನಗೆ ಸಮಾಧಾನವಾಗಲಿ ಅಂತ,” ಎಂದರು ಗುರುಗಳು.