ಜವರ ಜಪಾನಿನ ಬೀಗರೂಟ ಉಂಡದ್ದು

ಮದ್ದೂರಿಗೆ ಹತ್ತಿರದ ಒಂದು ಊರಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ತಾಯಿ, ಅವಳಿಗೆ ಜವರ ಅಂತ ಒಬ್ಬ ಮಗ. ಹೇಳಿದ ಮಾತು ಮೀರದ ಮಗ ಹುಟ್ಟಲಿ ಅಂತ ಲೋಕದ ತಾಯಂದಿರೆಲ್ಲ ಹರಕೆ ಹೊರುತ್ತಾರಲ್ಲ, ಚಿಕ್ಕತಾಯಮ್ಮನಿಗೆ ಅಂಥವನೇ ಹುಟ್ಟಿದ್ದ. ಅದೇ ಅವಳ ಗೋಳು. "ಮಳೆ ಬಂದರೆ ಸಂಡಿಗೆ ಎತ್ತಿ ಒಳಗಿಡೋ" ಅಂತ ಹೇಳಿ ಅವಳು ಹೊಲಕ್ಕೆ ಹೋದರೆ, ಪಕ್ಕದ ಮನೆ ಹಸು ಬಂದು ಸಂಡಿಗೆಯನ್ನೆಲ್ಲ ಮೇಯುವುದನ್ನು ಇವನು ಜಗಲಿಯ ಮೇಲೆ ಕೂತು ನೋಡಿದ.

"ಯಾಕ್ಲಾ ಎತ್ತಲಿಲ್ಲ?"

"ಮಳೆ ಬರಲೇ ಇಲ್ಲವಲ್ಲವ್ವ."

ಇಂಥವನನ್ನು ಕಟ್ಟಿಕೊಂಡು ಚಿಕ್ಕತಾಯಮ್ಮ ಬೆಂಗಳೂರಿಗೆ ಬೀಗರೂಟಕ್ಕೆ ಹೊರಟಳು. ಜವರನ ತಂಗಿ ಸುಕನ್ಯಳನ್ನು ಅಲ್ಲಿಗೆ ಕೊಟ್ಟಿತ್ತು. ಮದುವೆಯಾದ ಮೇಲೆ ಗಂಡಿನ ಕಡೆಯವರು ಬೀಗರೂಟ ಹಾಕಬೇಕು. ಮೇಕೆ ಕಡಿಯಬೇಕು, ಊರು ಸೇರಬೇಕು, ಉಂಡವರು ಎದ್ದೇಳಲಾರದೆ ಕಂಬ ಹಿಡಿದುಕೊಳ್ಳಬೇಕು. ಆದರೆ ಬೀಗಿತ್ತಿ ಪ್ರಮೀಳಮ್ಮ ಫೋನಿನಲ್ಲಿ ಹೇಳಿದ್ದೇನು? "ಅದೆಲ್ಲ ಹಳೇ ಕಾಲ ಚಿಕ್ಕತಾಯಮ್ಮ. ನಾವು ನಾವೇ ಒಂದು ಹೋಟೆಲಿಗೆ ಹೋಗೋಣ. ಜಪಾನಿನ ಅಡುಗೆ, ಫ್ರೆಂಚ್ ಅಡುಗೆ, ಎರಡೂ ಸೇರಿಸಿ ಮಾಡ್ತಾರೆ. ಫ್ಯೂಷನ್ನು." ಬೀಗರು, ಅಳಿಯ ಇಬ್ಬರೂ ಅಂಗಡಿ ಬಿಟ್ಟು ಬರುವ ಹಾಗಿಲ್ಲವಂತೆ. ನಾಲ್ಕೇ ನಾಲ್ಕು ಜನರ ಬೀಗರೂಟ. ಚಿಕ್ಕತಾಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಹೊರಟಳು. ಯಾಕೆಂದರೆ ನಾಳಿದ್ದು ಆಷಾಢ. ಆಷಾಢದಲ್ಲಿ ಅತ್ತೆ, ಹೊಸ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಸೊಸೆ ತವರಿಗೆ ಬರಬೇಕು. ಪ್ರಮೀಳಮ್ಮ ಮಾತ್ರ ಕಳಿಸುವ ಮಾತೇ ಎತ್ತಿಲ್ಲ. ಮಗಳನ್ನು ಕಳಿಸುತ್ತೇನೆ ಅಂತ ಬೀಗಿತ್ತಿಯ ಬಾಯಲ್ಲಿ ಹೇಳಿಸಬೇಕು. ಚಿಕ್ಕತಾಯಮ್ಮ ಹೊರಟಿದ್ದು ಅದಕ್ಕೆ, ಊಟಕ್ಕಲ್ಲ.

ಬಸ್ಸಿನಲ್ಲಿ ಮಗನಿಗೆ ಬುದ್ಧಿ ಹೇಳಿದಳು. "ನೋಡ್ಲಾ, ಬೀಗರ ಮುಂದೆ ನಮ್ಮ ಮಾನ ಕಳೀಬೇಡ. ಮುಂದಕ್ಕೆ ಏನು ತಂದಿಟ್ಟರೂ ಒಂದು ಚೂರು ಬಿಡದಂಗೆ ತಿನ್ನು. ಬಿಟ್ಟರೆ ಅಡುಗೆ ಚೆನ್ನಾಗಿಲ್ಲ ಅಂದಂಗಾಗುತ್ತೆ."

"ಆಗಲಿ ಕಣವ್ವ" ಅಂದ ಜವರ.

ಹೋಟೆಲಿನಲ್ಲಿ ಕುರ್ಚಿ ಇರಲಿಲ್ಲ. ಮೊಣಕಾಲೆತ್ತರದ ಒಂದು ಮೇಜು, ಸುತ್ತ ದಿಂಬು. ಪ್ರಮೀಳಮ್ಮ ಒಂದು ಕಡೆ, ಪಕ್ಕದಲ್ಲಿ ಸುಕನ್ಯ, ಎದುರಿಗೆ ತಾಯಿ ಮಗ. ಸುಕನ್ಯ ಬಡವಾಗಿದ್ದಳು. ಅವ್ವನನ್ನು ನೋಡಿ ಬಾಯಿ ತೆರೆದಳು, ಅತ್ತೆ ನೋಡಿದ ತಕ್ಷಣ ಮುಚ್ಚಿಕೊಂಡಳು.

ಬಡಿಸುವವನು ಬಂದು ಒಬ್ಬೊಬ್ಬರ ಮುಂದೆಯೂ ಒಂದೊಂದು ಬಿಳಿ ಸುರುಳಿ ಇಟ್ಟ. ಬಿಸಿಬಿಸಿ, ಹಬೆಯಾಡುತ್ತಿತ್ತು. ಜವರ ತಡಮಾಡಲಿಲ್ಲ. ಕಚ್ಚಿದ. ಎಳೆದ. ಹರಿಯಲಿಲ್ಲ. ದವಡೆಗೆ ಸಿಗಿಸಿಕೊಂಡು ಜಗಿಯುತ್ತ, "ಬಲಿತ ಮಾಂಸ ಕಣವ್ವ, ಬೆಂದೇ ಇಲ್ಲ" ಅಂದ.

"ಅಯ್ಯೋ, ಅದು ಕೈ ಒರೆಸೋ ಬಟ್ಟೆ" ಅಂದಳು ಪ್ರಮೀಳಮ್ಮ.

ಚಿಕ್ಕತಾಯಮ್ಮ ಮೇಜಿನ ಕೆಳಗೆ ಮಗನ ತೊಡೆ ಹಿಂಡಿದಳು. "ಮಂಕುಮುಂಡೇದೆ, ಬೆಳ್ಳಗೆ ಸುರುಳಿ ಸುತ್ತಿ ತಂದಿಟ್ಟರೆ ತಿನ್ನೋದಲ್ಲ. ಕೈ ಒರೆಸ್ಕೋ, ಮುಖ ಒರೆಸ್ಕೋ."

"ಮೊದಲೇ ಹೇಳಬಾರದಾ" ಅಂದ ಜವರ.

ಆಮೇಲೆ ಊಟ ಶುರುವಾಯಿತು. ಊಟ ಅಂದರೆ ಎಂಥದ್ದು? ಎಮ್ಮೆ ಮಲಗುವಷ್ಟು ದೊಡ್ಡ ತಟ್ಟೆ, ಅದರ ನಟ್ಟನಡುವೆ ಇರುವೆಗೂ ಸಾಲದಷ್ಟು ಪದಾರ್ಥ. ಇದನ್ನು ತಿನ್ನೋದಾ, ಹಣೆಗಿಟ್ಟುಕೊಳ್ಳೋದಾ? ಚಿಕ್ಕತಾಯಮ್ಮ ಒಳಗೇ ಕುದಿದಳು. ಅವಳ ಮನೆಯ ಕೋಳಿಗೆ ಹಾಕುವ ನುಚ್ಚು ಇದರ ನಾಲ್ಕರಷ್ಟಿತ್ತು.

ತಟ್ಟೆಯಲ್ಲಿದ್ದದ್ದು ಒಂದು ಫ್ರೆಂಚ್ ದೋಸೆ. ತೆಳ್ಳಗೆ, ಬೆಳ್ಳಗೆ, ಸುರುಳಿ ಸುತ್ತಿದ್ದು. ಒಳಗೆ ಜಪಾನಿನವರ ಹಸಿಮೀನು, ಜೊತೆಗೆ ಹಸಿರು ಬಣ್ಣದ ಒಂದು ಖಾರ. ಜವರ ನೋಡಿದ. ಬೆಳ್ಳಗಿದೆ, ಸುರುಳಿಯಿದೆ. ಎತ್ತಿಕೊಂಡು ಕೈ ಒರೆಸಿಕೊಂಡ. ಕತ್ತು ಒರೆಸಿಕೊಂಡ. ಆಮೇಲೆ ಮುಖವನ್ನು ಎರಡೂ ಕಡೆ ಗಸಗಸ ಉಜ್ಜಿಕೊಂಡ. ಉಜ್ಜಿದ್ದೇ ತಡ, ಖಾರ ಕಣ್ಣಿಗೆ ಹತ್ತಿ, "ಅವ್ವೋ, ಸತ್ತೆ" ಅಂತ ಮೇಜಿನ ಮೇಲಿದ್ದ ಹೂದಾನಿಯ ನೀರನ್ನೆಲ್ಲ ತಲೆಗೆ ಸುರಿದುಕೊಂಡ. ಕಿವಿಗೆ ಮೀನಿನ ಚೂರೊಂದು ಅಂಟಿಕೊಂಡಿತ್ತು.

ಸುಕನ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಗೊತ್ತಾಗಲಿಲ್ಲ.

"ನಿಮ್ಮ ಮಗನಿಗೆ ಹುಷಾರಿಲ್ಲವಾ?" ಅಂದಳು ಪ್ರಮೀಳಮ್ಮ.

"ಹುಷಾರಾಗೇ ಅವನೆ. ಮುಖ ಒರೆಸೋ ಬಟ್ಟೆ ಯಾವುದು, ಊಟ ಯಾವುದು ಅಂತ ತಿಳಿಯದಂಗೆ ಬಡಿಸಿದರೆ ಹುಡುಗ ಏನು ಮಾಡಾನು?" ಅಂದಳು ಚಿಕ್ಕತಾಯಮ್ಮ. ಆಮೇಲೆ ಮಗನ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಡಿದಳು. "ಇನ್ನು ನಿನ್ನ ಸ್ವಂತ ಬುದ್ಧಿ ಓಡಿಸಬೇಡ. ಬೀಗಿತ್ತಿ ಏನು ಮಾಡ್ತಾಳೋ ನೋಡು. ಹಂಗೇ ಮಾಡು, ಹಂಗೇ ಆಡು."

"ಆಗಲಿ ಕಣವ್ವ."

ಮುಂದಿನ ತಟ್ಟೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಿಗಡಿ, ಬೆಣ್ಣೆಯಲ್ಲಿ ಹುರಿದದ್ದು. ಮನುಷ್ಯರು ತಿನ್ನುವಂಥದ್ದು ಬಂದದ್ದು ಅದೊಂದೇ. ಸುಕನ್ಯ ಇನ್ನೇನು ಬಾಯಿಗಿಡಬೇಕು, ಪ್ರಮೀಳಮ್ಮ ಪಕ್ಕದಿಂದ ಕೈ ಚಾಚಿ, "ನಿನಗೆ ಇದು ಹಿಡಿಸಲ್ಲ ಬಿಡು" ಅಂತ ಅದನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು.

ಚಿಕ್ಕತಾಯಮ್ಮನ ಕಣ್ಣು ಕೆಂಪಾಯಿತು. ಮಗಳು ಬಡವಾಗಿದ್ದು ಯಾಕೆ ಅಂತ ಈಗ ತಿಳಿಯಿತು.

ಜವರನೂ ನೋಡಿದ. ನೋಡಿ, ಮೇಜಿನ ಮೇಲೆ ಅರ್ಧ ಮಲಗಿ ಕೈ ಚಾಚಿ, "ನಿಮಗೆ ಇದು ಹಿಡಿಸಲ್ಲ ಬಿಡಿ" ಅಂತ ಪ್ರಮೀಳಮ್ಮನ ತಟ್ಟೆಯ ಸಿಗಡಿ ಎತ್ತಿ ಬಾಯಿಗೆ ಹಾಕಿಕೊಂಡ.

"ಏನ್ರೀ ಇದು? ನನ್ನ ತಟ್ಟೆಗೆ ಕೈ ಹಾಕ್ತಾನೆ?"

ಚಿಕ್ಕತಾಯಮ್ಮನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಗಿತ್ತು. ಆದರೆ ಬಂದ ಕೆಲಸ ಕೆಡಬಾರದಲ್ಲ. ಎಲ್ಲರಿಗೂ ಕೇಳುವ ಹಾಗೆ ಬೈದಳು. "ಥೂ ನಾಚಿಕೆಗೆಟ್ಟವನೆ, ಅವರದ್ದನ್ನ ಯಾಕ್ಲಾ ಮುಟ್ತೀಯ? ಅವರದ್ದು ಅವರಿಗೆ, ನಮ್ಮದು ನಮಗೆ."

ಬೈದು, ಸೆರಗು ಸರಿಮಾಡಿಕೊಂಡು ಬೀಗಿತ್ತಿಯ ಕಡೆ ತಿರುಗಿದಳು. "ಪ್ರಮೀಳಮ್ಮೋರೆ, ನಾಳಿದ್ದು ಆಷಾಢ ಹುಟ್ಟುತ್ತೆ. ಸುಕನ್ಯನ್ನ ಇವತ್ತೇ ನಮ್ಮ ಜೊತೆ ಕಳಿಸಿಕೊಡಿ."

"ಆಷಾಢಾನಾ? ನಮ್ಮಲ್ಲಿ ಅದನ್ನೆಲ್ಲ ಯಾರೂ ನೋಡಲ್ಲ. ಇವಳು ಹೋದರೆ ಮನೆ ಕೆಲಸ ಯಾರು ಮಾಡ್ತಾರೆ?"

"ಸೊಸೆ ತಂದುಕೊಂಡ್ರೋ, ಆಳು ತಂದುಕೊಂಡ್ರೋ?"

"ತಾಳಿ ಕಟ್ಟಿಸಿಕೊಂಡ ಮೇಲೆ ಅವಳು ನಮ್ಮವಳು, ಚಿಕ್ಕತಾಯಮ್ಮ."

"ಹೆತ್ತವಳು ನಾನು ಕೂತಿದ್ದೀನಿ. ಅವಳು ಎಂದಿದ್ದರೂ ನಮ್ಮವಳು." ಚಿಕ್ಕತಾಯಮ್ಮನ ದನಿ ಅಡುಗೆಮನೆಯವರೆಗೂ ಹೋಯಿತು. "ಬೀಗರೂಟ ಅಂತ ಕರೆದು ಚಿಟಿಕೆ ಚಿಟಿಕೆ ಹಾಕಿದಿರಿ, ಬಾಯಿ ಮುಚ್ಕೊಂಡಿದ್ದೆ. ನನ್ನ ಮಗಳ ತಟ್ಟೆಯಿಂದ ಕಿತ್ಕೊಂಡು ತಿಂದಿರಿ, ಅದನ್ನೂ ನುಂಗಿಕೊಂಡೆ. ಇನ್ನು ಆಗಕಿಲ್ಲ. ಜವರ, ಎದ್ದೇಳು. ನಮ್ಮದು ಏನೇನೈತೋ ಅಷ್ಟನ್ನೂ ಎತ್ಕೊಂಡು ಊರಿಗೆ ನಡಿ, ಒಂದನ್ನೂ ಬಿಡಬೇಡ. ನನ್ನ ತಂಟೆಗೆ ಮಾತ್ರ ಬರಬೇಡ, ಇವರಿಗೆ ಇನ್ನೆರಡು ಮಾತು ಹೇಳೋದೈತೆ."

ಎರಡು ಮಾತು ಎಂದವಳು ಮದುವೆಯ ದಿನದ ಚಪ್ಪರದಿಂದ ಶುರು ಮಾಡಿದಳು. ಪ್ರಮೀಳಮ್ಮ ಹೆಣ್ಣಿನ ಕಡೆಯವರು ಕೊಟ್ಟ ಸೀರೆಗಳನ್ನು ಹಳಿದು ಉತ್ತರ ಕೊಟ್ಟಳು. ಇಬ್ಬರೂ ಮೊಣಕಾಲ ಮೇಲೆ ನಿಂತು, ಮುಖಕ್ಕೆ ಮುಖ ಕೊಟ್ಟು, ಅಕ್ಕಪಕ್ಕ ನೋಡದೆ ಮಾತಾಡಿದರು.

ಜವರ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ. ಕೊಡೆಯನ್ನು ಕಂಕುಳಿಗೆ ಸಿಗಿಸಿದ. ಆಮೇಲೆ ಸುಕನ್ಯಳನ್ನು ಕೂತ ದಿಂಬಿನ ಸಮೇತ ಎತ್ತಿದ. ಎತ್ತಿದವನು ಯೋಚಿಸಿ, ಅವಳನ್ನು ಇಳಿಸಿ, "ಇದು ಅವರದ್ದು" ಅಂತ ದಿಂಬನ್ನು ಇದ್ದ ಜಾಗಕ್ಕೆ ಇಟ್ಟು, ಬರೀ ಅವಳನ್ನು ಎತ್ತಿಕೊಂಡ. ಬಾಗಿಲಲ್ಲಿ ಕೇಳಿದ, "ಚಪ್ಪಲಿ ಯಾರು ಕೊಡಿಸಿದ್ದು?"

"ಅತ್ತೆ" ಅಂದಳು ಸುಕನ್ಯ.

ಚಪ್ಪಲಿ ಅಲ್ಲೇ ಉಳಿಯಿತು.

ಚಿಕ್ಕತಾಯಮ್ಮ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೇಜಿನ ಸುತ್ತ ಇದ್ದವರು ಇಬ್ಬರೇ. ಹೊರಗೆ ಹೋಗಿ ನೋಡಿದಳು, ಯಾರೂ ಇಲ್ಲ. ಮಗಳಿಗೆ ಫೋನು ಹಚ್ಚಿದಳು. ಎತ್ತಿದ್ದು ಮಗ.

"ಎಲ್ಲಾ ತಂದಿದ್ದೀನಿ ಕಣವ್ವ, ಒಂದೂ ಬಿಟ್ಟಿಲ್ಲ. ಬಸ್ಸು ಕೆಂಗೇರಿ ದಾಟ್ತು."

"ನನ್ನ ಬಿಟ್ಟಿದ್ದೀಯಲ್ಲೋ, ಪಾಪಿ."

"ನಿನ್ನ ತಂಟೆಗೆ ಬರಬೇಡ ಅಂದ್ಯಲ್ಲ."

ಹಿಂದೆಯೇ ಬಂದ ಪ್ರಮೀಳಮ್ಮ ಕೈ ತಿರುವಿದಳು. "ಈಗಲೇ ಕಾರು ಕಳಿಸ್ತೀನಿ. ರಾತ್ರಿಯೊಳಗೆ ಅವಳನ್ನ ವಾಪಸ್ ಕರೆಸದಿದ್ದರೆ ಕೇಳಿ."

ಮಗನನ್ನು ಬೈಯಲು ತೆರೆದ ಬಾಯನ್ನು ಚಿಕ್ಕತಾಯಮ್ಮ ಹಾಗೇ ನಿಲ್ಲಿಸಿದಳು. ಬೀಗಿತ್ತಿಯ ಮುಖ ನೋಡಿದಳು. ನೋಡುತ್ತಲೇ ಫೋನಿನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಮಗ, ಮನೆಗೆ ಹೋದ ತಕ್ಷಣ ಬಾಗಿಲು ಹಾಕ್ಕೊಂಡು ಅದಕ್ಕೆ ಒರಗಿ ಕೂತ್ಕೋ. ಯಾರು ಬಂದು ಬಡಿದರೂ, ಎಷ್ಟೇ ಬೇಡ್ಕೊಂಡರೂ ತೆಗೀಬೇಡ."

"ಆಗಲಿ ಕಣವ್ವ."

ಆ ಹೊತ್ತು ಬೆಂಗಳೂರಿಗೆ ಬೆಂಗಳೂರೇ ತನ್ನದು ಅನ್ನುವ ಹಾಗೆ ಚಿಕ್ಕತಾಯಮ್ಮ ನಡೆದು ಬಸ್ಸು ಹತ್ತಿದಳು. ದೀಪ ಹಚ್ಚುವ ಹೊತ್ತಿಗೆ ಊರು ಸೇರಿದಾಗ ಬೀಗಿತ್ತಿಯ ಕಾರು ಬಂದು, ಹಾರನ್ನು ಹೊಡೆದು ಹೊಡೆದು, ಬರಿಗೈಯಲ್ಲಿ ಹಿಂದಿರುಗಿತ್ತು. ಹೊಟ್ಟೆ ಚುರುಗುಡುತ್ತಿತ್ತು. ಒಳಗಿಂದ ಹುರುಳಿ ಬಸ್ಸಾರಿನ ಘಮ ಬರುತ್ತಿತ್ತು, ಮಗಳ ನಗು ಕೇಳುತ್ತಿತ್ತು. ಬಾಗಿಲು ಬಡಿದಳು.

"ಜವರ, ತೆಗಿ ಬಾಗಿಲು."

"ಯಾರು ಬಂದರೂ ತೆಗೀಬೇಡ ಅಂದವಳೆ ನಮ್ಮವ್ವ."

"ನಾನೇ ಕಣೋ ನಿಮ್ಮವ್ವ."

"ಗೊತ್ತು ಕಣವ್ವ. ನೀನೇ ಅಲ್ಲವಾ ಹೇಳಿದ್ದು?"

ಬೈದಳು. ಬೇಡಿಕೊಂಡಳು. ಎಷ್ಟು ಬೇಡಿಕೊಂಡರೆ ಅಷ್ಟು ಬಲವಾಗಿ ಒರಗಿ ಕೂತ. ಸುಕನ್ಯ ಅಣ್ಣನ ಕೈ ಹಿಡಿದು ಎಳೆದಳು, ಬೆನ್ನು ಹಿಡಿದು ನೂಕಿದಳು. ಅಲ್ಲಾಡಲಿಲ್ಲ. ಕೊನೆಗೆ ಅವಳು ಕಿಟಕಿ ತೆಗೆದು, ಸರಳಿನ ನಡುವೆ ತೂರುವಷ್ಟು ಚಿಕ್ಕ ಚಿಕ್ಕ ಮುದ್ದೆ ಕಟ್ಟಿ, ಸಾರಿನಲ್ಲಿ ಅದ್ದಿ ಅದ್ದಿ ಕೊಟ್ಟಳು. ಚಿಕ್ಕತಾಯಮ್ಮ ಜಗಲಿಯ ಮೇಲೆ ನಿಂತು, ಒಂದು ತುತ್ತಿಗೆ ಒಂದು ಬೈಗುಳದಂತೆ, ಹೊಟ್ಟೆ ತುಂಬ ಉಂಡಳು.